ದುಬೈ ನಾಲ್ಕೇ ಗಂಟೆ ಅಂದೆ

ನಮ್ಮದು ಮಡಕಶಿರಾ ಸೀಮೆ. ಮನೆ ಮಾತು ಕನ್ನಡ, ಸಂತೆ ಮಾತು ತೆಲುಗು. ಮಳೆ ಕೈಕೊಟ್ಟರೆ ನಮ್ಮ ಹುಡುಗರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವುದು ಹಿಂದಿನಿಂದ ಬಂದದ್ದು. ಈಚೆಗೆ ಒಬ್ಬಿಬ್ಬರು ದುಬೈವರೆಗೂ ಹೋಗಿದ್ದಾರೆ. ನಮ್ಮಣ್ಣನ ಹಿರಿಮಗನೂ ಅಲ್ಲೇ ವೈರಿಂಗ್ ಕೆಲಸಕ್ಕಿದ್ದ.

2019ರ ಬೇಸಿಗೆಯಲ್ಲಿ ಒಂದು ದಿನ ಬೆಳಗಿನ ಜಾವ 5 ಗಂಟೆಗೆ ಅಣ್ಣ ತೀರಿಕೊಂಡ. ಹುಡುಗನಿಗೆ ಫೋನು ಮಾಡಿದೆ. "ಚಿಕ್ಕಪ್ಪಾ, ನಾ ಬರೋವರೆಗೂ ಅಪ್ಪನ್ನ ಇಟ್ಕೊಂಡಿರ್ತೀರಾ?" ಅಂದ. "ಇಟ್ಕೊಂಡಿರ್ತೀವಿ, ಬಾರಪ್ಪಾ" ಅಂದೆ. ಜಗುಲಿ ಮೇಲಿದ್ದ ಹಿರಿಯರೊಬ್ಬರು "ದುಬಾಯ್ ಎಂತ ದೂರಂ ರಾ?" ಅಂತ ಕೇಳಿದರು. "ನಾಲ್ಕೇ ಗಂಟೆ" ಅಂದುಬಿಟ್ಟೆ. ಹಾಗಾದರೆ ಮಧ್ಯಾಹ್ನಕ್ಕೆ ಬರ್ತಾನೆ, ಕಾಯೋಣ ಅಂದರು.

ನಾ ಹೇಳಿದ್ದು ಸುಳ್ಳಲ್ಲ. ದೇವನಹಳ್ಳಿ ವಿಮಾನ ನಿಲ್ದಾಣಕ್ಕೂ ದುಬೈಗೂ ಆಕಾಶದ ನೇರದಾರಿ ಸುಮಾರು 2,700 ಕಿಲೋಮೀಟರು. ವಿಮಾನದ ವೇಗ ಗಂಟೆಗೆ 850 ಕಿಲೋಮೀಟರಿನ ಆಸುಪಾಸು. ಏರುವುದು, ಇಳಿಯುವುದು ಎಲ್ಲಾ ಸೇರಿ 4 ಗಂಟೆ. ಆದರೆ ಟಿಕೆಟ್ಟಿನಲ್ಲಿ ಹಾಗೆ ಕಾಣುವುದಿಲ್ಲ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟ್ಟಿನಲ್ಲಿ ಹಾಕುವುದು ಆಯಾ ಊರಿನ ಗಂಟೆ. ಹೋಗುವಾಗ ಎರಡೂವರೆ ಗಂಟೆಯ ದಾರಿಯಂತೆ, ಬರುವಾಗ ಐದೂವರೆ ಗಂಟೆಯ ದಾರಿಯಂತೆ ಕಾಣುತ್ತದೆ.

ನಾನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ನೆಲದ ಮೇಲಿನ ಹೊತ್ತನ್ನು. ಹುಡುಗನ ಪಾಸ್‌ಪೋರ್ಟು ಕಂಪನಿಯವರ ಬೀರುವಿನಲ್ಲಿತ್ತು. ಕೆಲಸಗಾರನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವಂತಿಲ್ಲ ಅಂತ ಅಲ್ಲಿನ ಕಾನೂನೇ ಇದೆ, ಆದರೂ ಇಟ್ಟುಕೊಂಡಿದ್ದರು. ಅದು ಕೈಗೆ ಬಂದಾಗ ನಮ್ಮ ಗಂಟೆ ಮಧ್ಯಾಹ್ನ ಹನ್ನೆರಡೂವರೆ. ಟಿಕೆಟ್ಟು ಸಿಕ್ಕಿದ್ದು ರಾತ್ರಿ ವಿಮಾನಕ್ಕೆ. ಅದಕ್ಕೂ 3 ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ನಮ್ಮ ರಾತ್ರಿ 11ಕ್ಕೆ ಅಲ್ಲಿಂದ ಹೊರಟು 3ಕ್ಕೆ ಇಳಿದ. ಮುದ್ರೆ ಹಾಕಿಸಿಕೊಂಡು ಹೊರಬರುವಾಗ 4. ಬಾಡಿಗೆ ಕಾರು ಹಿಡಿದು ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರದ ಮೇಲೆ ಬಂದ. ಗಡಿಯಲ್ಲಿ ಕಾರಿನ ಪರ್ಮಿಟ್ಟಿಗೆ ಅರ್ಧ ಗಂಟೆ ನಿಂತರು. ಮನೆ ಮುಂದೆ ಇಳಿದಾಗ ಬೆಳಗ್ಗೆ 7.

ಒಟ್ಟು 26 ಗಂಟೆ. ಅದರಲ್ಲಿ ಹಾರಿದ್ದು ನಾಲ್ಕು.

ಬೇಸಿಗೆಯ ಬಿಸಿಲು. ಹಿಂದಿನ ದಿನ ಸಂಜೆ ಹಿರಿಯರು "ಹೊತ್ತು ಮುಳುಗೋಕೆ ಬಂತು, ಇನ್ನು ಇಡಬಾರದು" ಅಂದರು. ಎದುರಾಡಲು ನನಗೆ ಬಾಯಿ ಬರಲಿಲ್ಲ. ಚಿಕ್ಕಮಗನ ಕೈಲೇ ಮಣ್ಣು ಹಾಕಿಸಿದೆವು. ಹಿರಿಯವನು ಬಂದವನು ನೇರ ಹೊಲಕ್ಕೆ ಹೋಗಿ ಹಸಿ ಮಣ್ಣಿನ ಪಕ್ಕ ಕೂತ. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಹೊರದೇಶದಲ್ಲಿ ಮಕ್ಕಳಿರುವವರಿಗೆ ಹೇಳುತ್ತೇನೆ. ವಿಮಾನದ ಗಂಟೆ ನಂಬಿ ಮಾತು ಕೊಡಬೇಡಿ. ಪಾಸ್‌ಪೋರ್ಟು ಅವರ ಕೈಲೇ ಇದೆಯಾ ಅಂತ ಇವತ್ತೇ ಕೇಳಿ. ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿ, ಒಂದು ಹಗಲು ಒಂದು ರಾತ್ರಿ ಅಂತಲೇ ಹಿಡಿಯಿರಿ. ಅವತ್ತು ನಾನು "ನಾಳೆ ಬೆಳಗ್ಗೆ ಬರ್ತಾನೆ" ಅಂದಿದ್ದರೆ ಹಿರಿಯರೇ ಹಿಂದೂಪುರದಿಂದ ಫ್ರೀಜರ್ ಪೆಟ್ಟಿಗೆ ತರಿಸಿರುತ್ತಿದ್ದರು.