ಒಂದು ಹುಲಿಗೆ ಎಷ್ಟು ಕುರಿ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಜಾತ್ರೆ ಕುಸ್ತಿಯಲ್ಲಿ ಜೋಡಿ ಹಚ್ಚುವ ಹಿರಿಯರು ಪೈಲ್ವಾನರ ಮೈಕಟ್ಟು, ವಯಸ್ಸು ನೋಡಿ ಸಮಕ್ಕೆ ಸಮ ಕೂಡಿಸುತ್ತಾರೆ. ಸಮವಲ್ಲದವರನ್ನೇ ಎದುರುಬದುರು ನಿಲ್ಲಿಸಿ, ಗೆಲುವು ಯಾರದೆಂದು ಕೊನೆತನಕ ತಿಳಿಯದಂತೆ ಮಾಡುವುದು ಇನ್ನೂ ಕಷ್ಟ. ಹುಲಿ-ಕುರಿ ಆಟ ಅದನ್ನು ಬರೀ ಎಣಿಕೆಯಿಂದ ಸಾಧಿಸಿದೆ.

ಕಟ್ಟೆಯ ಮೇಲೆ ಗೆರೆ ಎಳೆದು ಹರಳು ಇಟ್ಟರೆ ಆಟ ಶುರು. ಮನೆಯ ಆಕಾರ, ಕಾಯಿಗಳ ಲೆಕ್ಕ ಊರಿಂದೂರಿಗೆ ಬೇರೆ. ದಕ್ಷಿಣದಲ್ಲಿ 3 ಹುಲಿ, 15 ಕುರಿಯ ತ್ರಿಕೋನದ ಮನೆ ಹೆಚ್ಚು ಪರಿಚಿತ. ಲೆಕ್ಕ ಬಿಡಿಸಲು ಮಾತ್ರ ನೇಪಾಳದ ಬಾಘ್‌ಚಾಲ್ ಸುಲಭ. ಸಾಲಿಗೆ 5ರಂತೆ 25 ಬಿಂದು, ನಾಲ್ಕು ಮೂಲೆಗೆ 4 ಹುಲಿ, ಎದುರಾಳಿಯ ಕೈಯಲ್ಲಿ 20 ಕುರಿ. ಕುರಿ ಕೊಲ್ಲಲಾರದು, ಸುತ್ತುಗಟ್ಟಬಲ್ಲದು. ಆಚೆಯ ಬಿಂದು ಖಾಲಿ ಇದ್ದರೆ ಹುಲಿ ಪಕ್ಕದ ಕುರಿಯನ್ನು ಹಾರಿ ತಿನ್ನುತ್ತದೆ. ಐದು ತಿಂದರೆ ಹುಲಿ ಗೆದ್ದಂತೆ.

ಮೂಲೆಯ ಹುಲಿಗೆ ಪಕ್ಕದ ಬಿಂದು 3. ಅಲ್ಲಿ ಕುರಿ ನಿಂತರಷ್ಟೇ ಸಾಲದು, ಅವುಗಳ ಬೆನ್ನಿಗೂ 3 ಬೇಕು; ಇಲ್ಲದಿದ್ದರೆ ಹಾರುತ್ತದೆ. ಒಟ್ಟು 6. ಅದೇ ಹುಲಿ ನಡುಮಧ್ಯೆ ಕೂತರೆ 8 ಮತ್ತು 8, ಅಂದರೆ 16 ಕುರಿ! ನಾಲ್ಕೂ ಮೂಲೆಗಳ ಹುಲಿಗಳನ್ನು ಕಟ್ಟಲು 24 ಬೇಕೆನಿಸುತ್ತದೆ. ಆದರೆ ಬೆನ್ನಿಗೆ ನಿಂತ ಕುರಿ ಎರಡು ಹುಲಿಗಳಿಗೆ, ನಡುವಿನದು ನಾಲ್ಕಕ್ಕೂ ಕಾವಲಾಗುವುದರಿಂದ 17 ಸಾಕು. ನಾಲ್ಕು ಸತ್ತರೆ ಉಳಿಯುವುದು 16, ಈ ಕಟ್ಟಿಗೆ ಒಂದು ಕಡಿಮೆ. ಐದನೆಯದು ಬಿದ್ದರೆ ಆಟ ಮುಗಿಯಿತೆನ್ನುವ ನಿಯಮ ಎಷ್ಟು ಹದವಾಗಿದೆ ನೋಡಿ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲೂ ಚಿಂತೆ ಇದೇ. ಅಲ್ಲಿ ಆಟಗಾರರು ವೀರರ ಪಾತ್ರ ವಹಿಸುತ್ತಾರೆ. ಎದುರಿಗೆ ಎಷ್ಟು ರಾಕ್ಷಸರೆಂದು ನಿರೂಪಕ ಅಳೆಯಬೇಕು. 2014ರ ಐದನೇ ಆವೃತ್ತಿಯ ಲೆಕ್ಕದಲ್ಲಿ ಪ್ರತಿ ರಾಕ್ಷಸನಿಗೂ ಅಂಕವಿದೆ; ಮೊದಲ ಹಂತದ ನಾಲ್ವರು ವೀರರಿಗೆ ಒಟ್ಟು 200 ಅಂಕ ಮಧ್ಯಮ, 300 ಕಠಿಣ, 400 ಪ್ರಾಣಾಂತಿಕ. 200 ಅಂಕದ ಒಂದೇ ಬಗ್‌ಬೇರ್ ಬಂದರೆ ಕಾದಾಟ ಮಧ್ಯಮ. 50 ಅಂಕದ ಗಾಬ್ಲಿನ್ ನಾಲ್ಕು ಬಂದರೂ ಕೂಡಿಸಿದರೆ 200 ಅಂಕವೇ. ಆದರೆ ನಾಲ್ಕು ಕೈ ಪ್ರತಿ ಸುತ್ತಿನಲ್ಲೂ ನಾಲ್ಕು ಏಟು ಹಾಕುತ್ತವೆ. ಅದಕ್ಕೇ ಮೂರರಿಂದ ಆರು ರಾಕ್ಷಸರಿದ್ದರೆ ಮೊತ್ತವನ್ನು ಎರಡರಿಂದ ಗುಣಿಸು ಎನ್ನುತ್ತಿತ್ತು ನಿಯಮ: 400, ಪ್ರಾಣಾಂತಿಕ. 2024ರ ಪರಿಷ್ಕರಣೆಯಲ್ಲಿ ಈ ಗುಣಾಕಾರವನ್ನು ಕೈಬಿಟ್ಟರು. ನನಗೆ ಹಳೆಯದೇ ಮೆಚ್ಚು: ಬಲಕ್ಕಿಂತ ಸಂಖ್ಯೆ ಏಕೆ ಹೆದರಿಸುತ್ತದೆಂದು ಅದು ಮಗುವಿಗೂ ತಿಳಿಸುತ್ತದೆ.

ಮನೆಯಲ್ಲಿ ಆಟಕ್ಕೆ ಹೊಸಬರಾದ ನಾಲ್ಕು ಮಕ್ಕಳನ್ನು ಕೂರಿಸಿ ಆಡಿಸುವುದಾದರೆ ಎರಡು ಗಾಬ್ಲಿನ್‌ನಿಂದ ಶುರು ಮಾಡಿ. ಹಳೆಯ ಲೆಕ್ಕದಲ್ಲಿ ಎರಡಿದ್ದಾಗ ಗುಣಕ ಒಂದೂವರೆ. 150 ಅಂಕ, ಸುಲಭದ ಕಾದಾಟ. ಮೂರನೆಯದನ್ನು ಬಾಗಿಲ ಹಿಂದೆ ಕಾಯಿಸಿ. ಮಕ್ಕಳು ಗಾಯವಿಲ್ಲದೆ ಮುನ್ನುಗ್ಗುತ್ತಿದ್ದರೆ ಎರಡನೇ ಸುತ್ತಿಗೆ ಒಳಗೆ ಬಿಡಿ. ಒಬ್ಬರಾದರೂ ಆಗಲೇ ನೆಲ ಕಚ್ಚಿದ್ದರೆ ಆ ಬಾಗಿಲು ತೆರೆಯುವುದೇ ಬೇಡ.