ನಮೂನೆಯಿಂದ ನಮೂನೆಗೆ ಸಾಗುವ ಹೆಸರು

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಕನ್ನಡ ಶಾಲೆಯ ಮಗುವಿನ ಹೆಸರು ಮೂರು ಲಿಪಿಗಳಲ್ಲಿ ಬಾಳಬೇಕಾಗಿದೆ: ಕನ್ನಡ, ದೇವನಾಗರಿ ಮತ್ತು ರೋಮನ್. ಒಂದು ದಾಖಲೆಯ ಮಾಹಿತಿಯನ್ನು ಇನ್ನೊಂದಕ್ಕೆ ಒಯ್ಯುವ ಕೆಲಸ ಈಗ ಗುಮಾಸ್ತರ ಲೇಖನಿಯಿಂದಷ್ಟೇ ಅಲ್ಲ, ತಂತ್ರಾಂಶದಿಂದಲೂ ನಡೆಯುತ್ತದೆ. ಅದರ ಬಗೆಯನ್ನು ಪಾಲಕರು ಅರಿತಿರುವುದು ಹಿತಕರ.

ತಂತ್ರಾಂಶ ಬರೆಯುವ ಭಾಷೆಗಳಲ್ಲಿ ಟೈಪ್‌ಸ್ಕ್ರಿಪ್ಟ್ ಒಂದು. ಮೈಕ್ರೋಸಾಫ್ಟ್ ಸಂಸ್ಥೆ 2012ರ ಅಕ್ಟೋಬರಿನಲ್ಲಿ ಇದನ್ನು ಹೊರತಂದಿತು. ಇದರಲ್ಲಿ ಪ್ರತಿ ದಾಖಲೆಯ ನಮೂನೆಯನ್ನು ಮೊದಲೇ ಗೊತ್ತುಪಡಿಸಬಹುದು. ಶಾಲೆಯ ನಮೂನೆಯಲ್ಲಿ ಪೂರ್ಣ ಹೆಸರಿಗೆ ಒಂದೇ ಅಂಕಣವಿದ್ದು, ಅರ್ಜಿಯ ನಮೂನೆಯಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂದು ಮೂರು ಅಂಕಣಗಳಿವೆ ಎನ್ನೋಣ. ಯಾವ ಭಾಗ ಯಾವ ಅಂಕಣಕ್ಕೆ ಹೋಗಬೇಕೆಂದು ಹೇಳುವ ಒಂದು ಫಂಕ್ಷನ್ ಬರೆಯಬೇಕು. ಅಂಕಣವೊಂದು ಬಿಟ್ಟುಹೋದರೆ ಭಾಷೆಯ ಪರೀಕ್ಷಕನಾದ ಕಂಪೈಲರ್ ತಂತ್ರಾಂಶ ಓಡುವ ಮೊದಲೇ ತಪ್ಪನ್ನು ತೋರಿಸುತ್ತದೆ. ಆದರೆ ಪ್ರೋಗ್ರಾಮರ್ ಅವಸರದಿಂದ ‘ಇದು ಅರ್ಜಿಯ ನಮೂನೆಯೇ’ ಎಂದು ಒತ್ತಿ ಸಾರಿದರೆ ಅದು ನಂಬಿ ಸುಮ್ಮನಾಗುತ್ತದೆ. ಒಳಗಿನ ದಾಖಲೆ ಮಾತ್ರ ಕಿಂಚಿತ್ತೂ ಬದಲಾಗಿರುವುದಿಲ್ಲ. ಕಾಗದ ಓದದೆ ಸಹಿ ಹಾಕಿದ ಅಫಿಡವಿಟ್ಟಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಕಂಪೈಲರ್ ನೋಡುವುದು ಆಕಾರವನ್ನು, ಸತ್ಯವನ್ನಲ್ಲ. ಮೂರು ಅಂಕಣಗಳೂ ಬರಿಯ ಅಕ್ಷರಗಳ ಸಾಲುಗಳಾಗಿರುವುದರಿಂದ ತಂದೆಯ ಹೆಸರು ಅಡ್ಡಹೆಸರಿನ ಸ್ಥಾನದಲ್ಲಿ ಕುಳಿತರೂ ಅದು ಆಕ್ಷೇಪಿಸದು. 03-06-2014 ಎಂಬ ಜನ್ಮದಿನ ನಮಗೆ ಜೂನ್ 3. ಅಮೆರಿಕದ ಕ್ರಮದಲ್ಲಿ ಓದಿದರೆ ಮಾರ್ಚ್ 6.

ಲಿಪಿಯ ತೊಡಕು ಇನ್ನೂ ಸೂಕ್ಷ್ಮವಾದುದು. ಮರಾಠಿಯ ರೂಢಿಯ ಬರಹದಲ್ಲಿ ನಮ್ಮ ಹ್ರಸ್ವ ‘ಎ’, ‘ಒ’ಗಳಿಗೆ ಪ್ರತ್ಯೇಕ ಗುರುತಿಲ್ಲ. ‘ಕೆಂಪಣ್ಣ’ ದೇವನಾಗರಿಗೆ ಹೋಗಿ ಮರಳಿ ಬಂದರೆ ‘ಕೇಂಪಣ್ಣಾ’ ಆಗಬಹುದು. ಹೋದ ದಾರಿಯಲ್ಲೇ ಮರಳಿದರೂ ಹೊರಟ ಊರು ಸಿಗದ ಪಯಣವಿದು. ಆದುದರಿಂದ ಒಳ್ಳೆಯ ತಂತ್ರಾಂಶವು ಮೂಲ ಕನ್ನಡ ಹೆಸರಿಗೆ ಬೇರೆಯೇ ಅಂಕಣವಿಟ್ಟು ಕಾಪಾಡುತ್ತದೆ. ಅನ್ಯಲಿಪಿಯಿಂದ ಅದನ್ನು ಮರುಸೃಷ್ಟಿಸುವುದಿಲ್ಲ.

ಇದು ಅಕ್ಷರದ ಜಗಳವಷ್ಟೇ ಅಲ್ಲ. ಹೆಸರು ವ್ಯಕ್ತಿಯ ಗುರುತಿನ ಅಂಗವೆಂದೂ, ಅದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಸೇರುತ್ತದೆಂದೂ ಸರ್ವೋಚ್ಚ ನ್ಯಾಯಾಲಯವು ಸಿ.ಬಿ.ಎಸ್.ಇ. ಪ್ರಮಾಣಪತ್ರಗಳ ಪ್ರಕರಣದಲ್ಲಿ 2021ರ ಜೂನ್ 3ರಂದು ತೀರ್ಪಿತ್ತಿದೆ. ಹಕ್ಕಿದ್ದರೂ ಅದನ್ನು ದಾಖಲೆಯಲ್ಲಿ ಮೂಡಿಸಲು ಅಲೆದಾಟ ತಪ್ಪದು. ಮಗು ಶಾಲೆಯಲ್ಲಿರುವಾಗ ತಿದ್ದುಪಡಿ ಸುಲಭ. ಶಾಲೆ ಬಿಟ್ಟ ಮೇಲೆ ದಾರಿ ದೀರ್ಘ.

ಪಾಲಕರು ವರ್ಷಕ್ಕೊಮ್ಮೆ ಜನನ ಪ್ರಮಾಣಪತ್ರ, ಶಾಲೆಯ ಜನರಲ್ ರಜಿಸ್ಟರ್ ಮತ್ತು ಆಧಾರ್ ಕಾರ್ಡುಗಳಲ್ಲಿನ ವಿವರಗಳನ್ನು ಒಟ್ಟಿಗೆ ಇಟ್ಟು, ಅಂಕಣಕ್ಕೆ ಅಂಕಣ, ಅಕ್ಷರಕ್ಕೆ ಅಕ್ಷರ ತಾಳೆ ನೋಡಲಿ. ವ್ಯತ್ಯಾಸ ಕಂಡರೆ ಅಂದೇ ಮುಖ್ಯಾಧ್ಯಾಪಕರಿಗೆ ಲಿಖಿತ ಅರ್ಜಿ ಕೊಟ್ಟು ಅದರ ಸ್ವೀಕೃತಿಯನ್ನು ಪಡೆದಿಟ್ಟುಕೊಳ್ಳಲಿ. ಯಂತ್ರವು ಕೇಳದೆ ಬಿಟ್ಟ ಪ್ರಶ್ನೆಯನ್ನು ಮನೆಯವರೇ ಕೇಳಬೇಕು.