ಬಚ್ಚಲಿನ ಅನಿಲವೂ ಮನೆಯ ಗಾಳಿಯೂ

ನಮ್ಮ ಶಾಲೆಯನ್ನು ಮುಗಿಸಿ ಹೋಗುವ ಬಾಲಿಕೆಯರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ತಂದೆತಾಯಿಗಳ ಮನೆಯನ್ನು ಬಿಟ್ಟು ಹೊರಡುವರು. ಕೆಲವರು ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿಗೂ ದಾದಿಯರ ಕಾಲೇಜುಗಳಿಗೂ, ಕೆಲವರು ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೂ ಸೇರುವರು. ಇನ್ನು ಕೆಲವರು ಉದ್ಯೋಗಾರ್ಥವಾಗಿ ಬೆಂಗಳೂರಿಗೆ ಹೋಗಿ, ಮೂವರು ನಾಲ್ವರು ಕೂಡಿ ಬಾಡಿಗೆಯ ಮನೆಯಲ್ಲಿ ವಾಸಿಸುವರು. ಬಾಡಿಗೆ ಎಷ್ಟು, ನೀರು ಸರಿಯಾಗಿ ಬರುವುದೋ ಇಲ್ಲವೋ, ಬಸ್ಸು ಎಷ್ಟು ದೂರ ಎಂಬ ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ. ಸ್ನಾನದ ನೀರನ್ನು ಕಾಯಿಸುವ ಯಂತ್ರವು ಯಾವುದು, ಅದನ್ನು ಎಲ್ಲಿ ಇಟ್ಟಿದ್ದಾರೆ ಎಂದು ಕೇಳುವವರು ವಿರಳ. ಆ ಒಂದು ಪ್ರಶ್ನೆಯ ಉತ್ತರದ ಮೇಲೆ ಕೆಲವು ಸಲ ಪ್ರಾಣವೇ ನಿಂತಿರುವುದರಿಂದ, ಮನೆಯೊಳಗಿನ ಅನಿಲದ ಬೆಂಕಿಯ ವಿಷಯವಾಗಿ ಈ ಸಂಚಿಕೆಯಲ್ಲಿ ಕೆಲವು ಮಾತುಗಳನ್ನು ಬರೆಯಬೇಕೆಂದು ನಮಗೆ ತೋಚಿತು.

ನಮ್ಮ ಹಿರಿಯರ ಕಾಲದ ಬಚ್ಚಲುಮನೆಯನ್ನು ಮೊದಲು ಸ್ವಲ್ಪ ನೋಡೋಣ. ತೊಕ್ಕೊಟ್ಟು, ಪೆರ್ಮನ್ನೂರು, ಉಳ್ಳಾಲಗಳ ಹಿತ್ತಿಲುಗಳಲ್ಲಿ ಅದು ಮನೆಗೆ ಅಂಟಿಕೊಂಡಿರದೆ ಅಂಗಳದ ಮೂಲೆಯಲ್ಲಿಯೋ ಬಾವಿಯ ಬದಿಯಲ್ಲಿಯೋ ಇರುತ್ತಿತ್ತು. ಗೋಡೆಗೆ ಸೇರಿಸಿ ಕಟ್ಟಿದ ಒಲೆಯ ಮೇಲೆ ತಾಮ್ರದ ಹಂಡೆ. ಒಲೆಗೆ ಹಾಕುವುದಕ್ಕೆ ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ, ಸಿಪ್ಪೆ. ಅನೇಕ ಮನೆಗಳಲ್ಲಿ ಒಲೆಯ ಬಾಯಿಯನ್ನು ಗೋಡೆಯ ಹೊರಗಡೆಗೆ ಇಡುತ್ತಿದ್ದರು. ಬೆಂಕಿ ಹಾಕುವವಳು ಹೊರಗೆ, ಸ್ನಾನ ಮಾಡುವವರು ಒಳಗೆ. ಮಾಡು ಹಂಚಿನದು. ನೇತ್ರಾವತಿಯ ಆಚೆಯ ದಡದ ಜೆಪ್ಪುವಿನಲ್ಲಿ ಬಾಸೆಲ್ ಮಿಶನಿನವರು ೧೮೬೫ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಈ ಕರಾವಳಿಯಲ್ಲೆಲ್ಲಾ ಹಬ್ಬಿದ ಆ ಕೆಂಪು ಹಂಚುಗಳು ಮಳೆಯನ್ನು ತಡೆಯುತ್ತವೆ, ಗಾಳಿಯನ್ನು ತಡೆಯುವುದಿಲ್ಲ. ಒಂದು ಹಂಚಿಗೂ ಇನ್ನೊಂದಕ್ಕೂ ನಡುವಿನ ಸಂದಿಗಳಿಂದ ಹೊಗೆಯು ಮೇಲಕ್ಕೆ ಹೋಗುತ್ತಿತ್ತು. ಆ ಬಚ್ಚಲಿನಲ್ಲಿ ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು. ಆದರೆ ಸ್ನಾನಕ್ಕೆ ಹೋದವರು ಅಲ್ಲಿಯೇ ಪ್ರಾಣ ಬಿಟ್ಟರೆಂಬ ಮಾತನ್ನು ನಾವು ಕೇಳಿದ್ದಿಲ್ಲ.

ಹಾಗೆಂದು ಹಳೆಯದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅಡಿಗೆಮನೆಯ ಸೌದೆಯ ಹೊಗೆಯು ನಮ್ಮ ಅಜ್ಜಿಯಂದಿರ ಕಣ್ಣುಗಳನ್ನೂ ಶ್ವಾಸಕೋಶಗಳನ್ನೂ ಕೆಡಿಸಿತೆಂಬುದನ್ನು ಮರೆಯಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಎಂಬ ವಿಭಾಗದವರು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ನಿರ್ಮಿಸಿದ್ದು ಈ ಕಷ್ಟವನ್ನು ಕಂಡೇ. ೨೦೧೬ರಲ್ಲಿ ಆರಂಭವಾದ ಉಜ್ಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಅನಿಲದ ಒಲೆಯು ಬಂದಿತು; ಅದು ಸಂತೋಷದ ಸಂಗತಿಯೇ ಸರಿ. ಆದರೆ ಸೌದೆಯ ಒಲೆಯೊಂದಿಗೆ ಹೊಗೆಯೂ ಹೋಯಿತು, ಹೊಗೆಯೊಂದಿಗೆ ಹೊಗೆಯ ಭಯವೂ ಹೋಯಿತು. ಕಣ್ಣಿಗೆ ಕಾಣುವ ಶತ್ರುವಿಗೆ ಬಾಗಿಲು ತೆರೆದಿಡುತ್ತಿದ್ದ ನಾವು, ಕಾಣದ ಶತ್ರುವನ್ನು ಒಳಗಿಟ್ಟು ಅಗುಳಿ ಹಾಕಿಕೊಳ್ಳುವವರಾದೆವು.

ಈ ಅನಿಲದಿಂದ ಎರಡು ಬಗೆಯ ಅಪಾಯಗಳುಂಟು. ಒಂದು ಉರಿಯದ ಅನಿಲದಿಂದ, ಇನ್ನೊಂದು ಅರೆಯುರಿದ ಅನಿಲದಿಂದ. ಮೊದಲನೆಯದನ್ನು ಎಲ್ಲರೂ ಬಲ್ಲರು; ಎರಡನೆಯದನ್ನು ಬಲ್ಲವರು ಕಡಿಮೆ.

ನಮ್ಮ ಸಿಲಿಂಡರಿನೊಳಗೆ ಪ್ರೊಪೇನ್, ಬ್ಯುಟೇನ್ ಎಂಬ ಅನಿಲಗಳ ಮಿಶ್ರಣವು ಒತ್ತಡಕ್ಕೆ ಸಿಕ್ಕಿ ದ್ರವವಾಗಿ ಇರುತ್ತದೆ. ಮನೆಬಳಕೆಯ ಸಿಲಿಂಡರಿನಲ್ಲಿ ಅದರ ತೂಕ ೧೪.೨ ಕಿಲೋಗ್ರಾಂ. ಹೊರಗೆ ಬಂದೊಡನೆ ಅದು ಅನಿಲವಾಗಿ ಸುಮಾರು ೨೫೦ ಪಾಲು ಹಿಗ್ಗುತ್ತದೆ. ಅದಕ್ಕೆ ಸ್ವಭಾವತಃ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದು ಮರ್ಕಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಬೆರಸುತ್ತಾರೆ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಾಲು ಭಾರವಾದದ್ದು. ಆದ ಕಾರಣ ಹೊಗೆಯಂತೆ ಮೇಲಕ್ಕೇರದೆ ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನೂರು ಪಾಲು ಗಾಳಿಯಲ್ಲಿ ಅದರ ಎರಡು ಪಾಲು ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುವುದು. ೨೦೧೨ರ ಆಗಸ್ಟ್ ೨೭ರ ರಾತ್ರಿ ಕಣ್ಣೂರಿನ ಚಾಲದಲ್ಲಿಯೂ, ೨೦೧೩ರ ಏಪ್ರಿಲ್ ೯ರಂದು ನಮ್ಮ ಉಪ್ಪಿನಂಗಡಿಯ ಸಮೀಪದ ಪೆರ್ನೆಯಲ್ಲಿಯೂ ಅನಿಲ ತುಂಬಿದ ಟ್ಯಾಂಕರುಗಳು ಮಗುಚಿ, ಹೊರಬಂದ ಅನಿಲವು ಹರಡಿ ಹೊತ್ತಿಕೊಂಡು, ರಸ್ತೆಬದಿಯ ಮನೆಗಳಲ್ಲಿದ್ದವರೂ ಪ್ರಾಣ ಕಳೆದುಕೊಂಡದ್ದು ಈ ಸೀಮೆಯವರಿಗೆ ಮರೆತಿರಲಾರದು. ಅಡಿಗೆಮನೆಯೊಳಗಿನ ಸೋರಿಕೆಯೂ ಅದೇ ನಿಯಮಕ್ಕೆ ಒಳಪಟ್ಟದ್ದು.

ದುರ್ಗಂಧವು ಮೂಗಿಗೆ ಬಿದ್ದರೆ ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ಫ್ಯಾನು ಹಾಕಿ ಅನಿಲವನ್ನು ಓಡಿಸುವೆವೆಂಬುದು ಅವಿವೇಕ, ಏಕೆಂದರೆ ಆ ಸ್ವಿಚ್ಚಿನ ಕಿಡಿಯೇ ಸಾಕು. ಉರಿಯುವ ಒಲೆ, ದೀಪಗಳನ್ನು ಆರಿಸಿ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಗೆ ಬಂದು, ಆಮೇಲೆ ದೂರದಿಂದ ೧೯೦೬ ಎಂಬ ಸಂಖ್ಯೆಗೆ ದೂರವಾಣಿ ಮಾಡತಕ್ಕದ್ದು. ಸೋರುವ ಸ್ಥಳವನ್ನು ಕಂಡುಹಿಡಿಯಲು ಸಾಬೂನಿನ ನೊರೆಯನ್ನು ಹಚ್ಚಿ ಗುಳ್ಳೆ ಏಳುವುದೋ ಎಂದು ನೋಡಬೇಕೇ ಹೊರತು ಬೆಂಕಿಕಡ್ಡಿ ಗೀರಬಾರದು. ಕೊಳವೆಯನ್ನು ಐದು ವರ್ಷಗಳಿಗೊಮ್ಮೆಯಾದರೂ ಬದಲಾಯಿಸಬೇಕು. ಬಿರುಕು ಕಂಡರೆ ಅಂದೇ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಬೇಕು, ಮುಚ್ಚಿದ ಕಪಾಟಿನಲ್ಲಿ ಇಡಬಾರದು. ಇವು ಸಿಲಿಂಡರಿನೊಂದಿಗೆ ಕೊಡುವ ಪುಸ್ತಿಕೆಯಲ್ಲಿಯೇ ಇರುವ ಮಾತುಗಳು, ಓದುವವರಿಲ್ಲವೆಂಬುದೊಂದೇ ಕೊರತೆ.

ಇನ್ನು ಎರಡನೆಯದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಸದ್ದಿಲ್ಲ. ಮರ್ಕಾಪ್ಟನ್ನೂ ಅಲ್ಲಿ ಉರಿದುಹೋಗಿರುವುದರಿಂದ ಎಚ್ಚರಿಸುವ ದುರ್ಗಂಧವೂ ಇಲ್ಲ.

ಅನಿಲವು ಉರಿಯಬೇಕಾದರೆ ಪ್ರಾಣವಾಯು ಬೇಕು. ಒಂದು ಕಿಲೋಗ್ರಾಂ ಅನಿಲವು ಪೂರ್ತಿಯಾಗಿ ಉರಿಯುವುದಕ್ಕೆ ಸುಮಾರು ಹದಿನೈದು ಕಿಲೋಗ್ರಾಂ ಗಾಳಿಯು ವೆಚ್ಚವಾಗುತ್ತದೆ. ಸಾಕಷ್ಟು ಗಾಳಿಯಿದ್ದರೆ ಉರಿಯು ನೀಲಿಯಾಗಿ ನಿಂತು, ನೀರಿನ ಆವಿಯೂ ಇಂಗಾಲದ ಡೈಆಕ್ಸೈಡೂ ಹುಟ್ಟುತ್ತವೆ. ಗಾಳಿಯು ಸಾಲದಿದ್ದರೆ ಉರಿಯು ಹಳದಿಯಾಗಿ ತೂಗಾಡುತ್ತದೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ, ಇಂಗಾಲದ ಮೊನಾಕ್ಸೈಡ್ ಎಂಬ ವಿಷವಾಯುವು ಹುಟ್ಟುತ್ತದೆ. ಈ ವಾಯುವು ಶ್ವಾಸದೊಂದಿಗೆ ಒಳಗೆ ಹೋದರೆ ರಕ್ತದಲ್ಲಿರುವ ಹಿಮೋಗ್ಲೋಬಿನಿಗೆ ಪ್ರಾಣವಾಯುವಿಗಿಂತ ಇನ್ನೂರು ಪಾಲಿಗೂ ಮೀರಿದ ಬಲದಿಂದ ಅಂಟಿಕೊಳ್ಳುತ್ತದೆ. ಬಸ್ಸಿನ ಆಸನಗಳನ್ನೆಲ್ಲಾ ಪರರು ಹಿಡಿದು ಕುಳಿತು ಏಳದೇ ಇದ್ದರೆ ನಿಲ್ದಾಣದಲ್ಲಿ ಕಾದವರು ಹತ್ತುವುದೆಂತು? ಹಾಗೆಯೇ ರಕ್ತವು ಹರಿಯುತ್ತಿದ್ದರೂ ಮಿದುಳಿಗೂ ಹೃದಯಕ್ಕೂ ಪ್ರಾಣವಾಯುವು ತಲಪುವುದಿಲ್ಲ.

ಅಡಿಗೆಯ ಒಲೆಯಿಂದ ಈ ಅಪಾಯವು ಅಪರೂಪ, ಏಕೆಂದರೆ ಅದರ ಉರಿ ಚಿಕ್ಕದು, ಕೋಣೆ ದೊಡ್ಡದು, ಬಾಗಿಲು ಹೆಚ್ಚಾಗಿ ತೆರೆದಿರುವುದು. ಗ್ಯಾಸ್ ಗೀಸರಿನ ಸಂಗತಿ ಬೇರೆ. ಹರಿಯುವ ನೀರನ್ನು ಕ್ಷಣಮಾತ್ರದಲ್ಲಿ ಕಾಯಿಸಬೇಕಾದ್ದರಿಂದ ಅದರ ಉರಿಯು ಒಲೆಯ ಒಂದು ಬರ್ನರಿನ ಉರಿಗಿಂತ ಐದಾರು ಪಾಲು ದೊಡ್ಡದು. ಚಿಕ್ಕ ಗೀಸರು ಸಹ ಗಂಟೆಗೆ ಮುಕ್ಕಾಲು ಕಿಲೋಗ್ರಾಮಿಗೂ ಹೆಚ್ಚು ಅನಿಲವನ್ನು ತಿನ್ನುತ್ತದೆ. ಐದು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರದ ಒಂದು ಸ್ನಾನಗೃಹವನ್ನು ಊಹಿಸಿಕೊಳ್ಳಿರಿ. ಅದರೊಳಗಿನ ಗಾಳಿ ೨೮೦ ಘನ ಅಡಿ. ಕಾಲು ಗಂಟೆಯ ಹೊತ್ತು ಗೀಸರು ಉರಿದರೆ ಸುಮಾರು ೯೦ ಘನ ಅಡಿ ಗಾಳಿಯ ಪ್ರಾಣವಾಯುವು ವೆಚ್ಚವಾಗುತ್ತದೆ. ಎಂದರೆ ಆ ಕೋಣೆಯ ಮೂರರಲ್ಲೊಂದು ಪಾಲು. ಹೊರಗಿನ ಗಾಳಿ ಬಾರದೆ ಹೋದರೆ, ಉರಿಯು ತಾನು ಬಿಟ್ಟ ಹೊಗೆಯನ್ನೇ ತಾನು ಉಸಿರಾಡುತ್ತಾ ನಿಮಿಷದಿಂದ ನಿಮಿಷಕ್ಕೆ ಹೆಚ್ಚು ವಿಷವನ್ನು ಕಾರುವುದು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದನ್ನು ನಮ್ಮ ಬಾಲಿಕೆಯರು ವಿಶೇಷವಾಗಿ ಗಮನಿಸಬೇಕು. ಆದಿತ್ಯವಾರದ ಬೆಳಿಗ್ಗೆ ಆರಾಧನೆಗೆ ಹೊರಡುವ ಅವಸರ. ಒಂದು ಸ್ನಾನಗೃಹ, ನಾಲ್ವರು ಹುಡುಗಿಯರು. ಮೊದಲನೆಯವಳು ಸುಖವಾಗಿ ಸ್ನಾನ ಮಾಡಿ ಬರುತ್ತಾಳೆ. ಎರಡನೆಯವಳು ಒಡನೆಯೇ ಒಳಗೆ ಹೋಗಿ ಅಗುಳಿ ಹಾಕುತ್ತಾಳೆ. ಮೂರನೆಯವಳಿಗೆ ತುಸು ತಲೆನೋವು, ಹಸಿವಿನಿಂದಿರಬೇಕೆಂದು ಭಾವಿಸುತ್ತಾಳೆ. ನಾಲ್ಕನೆಯವಳು ಹೋಗುವಾಗ ಆ ಕೋಣೆಯಲ್ಲಿ ಮೂವರ ಸ್ನಾನದ ಕೆಟ್ಟ ಗಾಳಿಯು ಕೂಡಿಕೊಂಡಿರುತ್ತದೆ. ಅನೇಕ ಗೀಸರುಗಳಲ್ಲಿ ಸುಮಾರು ೨೦ ನಿಮಿಷವಾದೊಡನೆ ಉರಿಯು ತಾನಾಗಿ ಆರುವ ಏರ್ಪಾಡು ಉಂಟೆಂಬುದು ನಿಜ. ಆದರೆ ನಲ್ಲಿಯನ್ನು ಮುಚ್ಚಿ ತೆರೆದರೆ ಆ ಲೆಕ್ಕವು ಹೊಸದಾಗಿ ಆರಂಭವಾಗುತ್ತದೆ. ಯಂತ್ರವು ನಿಮಿಷಗಳನ್ನು ಎಣಿಸುತ್ತದೆಯೇ ಹೊರತು ಕೋಣೆಯ ಗಾಳಿಯನ್ನು ಅಳೆಯುವುದಿಲ್ಲ. ಬೆಂಗಳೂರಿನಲ್ಲಿಯೂ ಇತರ ಪಟ್ಟಣಗಳಲ್ಲಿಯೂ ಸ್ನಾನಗೃಹದೊಳಗೆ ಈ ವಿಧದಿಂದ ಮಡಿದವರ ವಾರ್ತೆಯು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮಡಿದವರಲ್ಲಿ ಎಳೆಯ ಪ್ರಾಯದವರೂ ಇದ್ದರು.

ಆದ್ದರಿಂದ ಗ್ಯಾಸ್ ಗೀಸರನ್ನು ಸ್ನಾನಗೃಹದೊಳಗೆ ಇಡಲೇಬಾರದು. ಗಾಳಿಯಾಡುವ ಹೊರಜಗಲಿಯಲ್ಲಿಯೋ ತೆರೆದ ಬಾಲ್ಕನಿಯಲ್ಲಿಯೋ ಅದನ್ನೂ ಅದರ ಸಿಲಿಂಡರನ್ನೂ ಇರಿಸಿ, ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳಗೆ ತರತಕ್ಕದ್ದು. ಒಲೆಯ ಬಾಯಿಯನ್ನು ಹೊರಗಿಟ್ಟ ನಮ್ಮ ಅಜ್ಜಂದಿರು ಮಾಡಿದ್ದೂ ಇದನ್ನೇ ಅಲ್ಲವೇ? ಗೋಡೆಯಲ್ಲಿರುವ ಗಾಳಿಕಿಂಡಿಯೊಂದಿದ್ದರೆ ಸಾಕೆಂದು ವಾದಿಸುವವರುಂಟು. ನಮ್ಮ ಊರಿನಲ್ಲಿ ಆ ಕಿಂಡಿಯ ಗತಿಯೇನಾಗುವುದೆಂದು ನಾವು ಬಲ್ಲೆವು. ಆಟಿ ತಿಂಗಳ ಮಳೆಯ ಇರಚಲು ಹೊಡೆಯುವುದೆಂದು ಅದಕ್ಕೆ ಪ್ಲಾಸ್ಟಿಕ್ಕನ್ನು ಕಟ್ಟುತ್ತಾರೆ. ಮಳೆ ಹೋದ ಮೇಲೆ ಸೊಳ್ಳೆಗಾಗಿ ಅದನ್ನು ಹಾಗೆಯೇ ಬಿಡುತ್ತಾರೆ. ಬಾಡಿಗೆಯ ಕೋಣೆಯೊಂದರಲ್ಲಿ ಅಂಥ ಕಿಂಡಿಗೆ ಹಳೆಯ ವೃತ್ತಪತ್ರಿಕೆಯನ್ನು ಅಂಟಿಸಿದ್ದನ್ನು ನಾವೇ ಕಂಡು, ನಿಂತು ಕಿತ್ತು ಹಾಕಿಸಿದ್ದುಂಟು.

ಯಂತ್ರದ ಪಾಲನೆಗೂ ನಮ್ಮ ಕಡಲಿಗೂ ಸಂಬಂಧವಿದೆ. ಉಪ್ಪುಗಾಳಿಯು ಕಬ್ಬಿಣವನ್ನು ಬೇಗನೆ ತಿನ್ನುತ್ತದೆ. ಬರ್ನರಿನ ರಂಧ್ರಗಳಲ್ಲಿ ತುಕ್ಕಿನ ಹುಡಿ ತುಂಬಿಕೊಂಡರೆ, ಜೇಡವು ಬಲೆ ಕಟ್ಟಿದರೆ, ಅನಿಲಕ್ಕೂ ಗಾಳಿಗೂ ಇರಬೇಕಾದ ಪ್ರಮಾಣವು ಕೆಟ್ಟು ಉರಿಯು ಹಳದಿಯಾಗುತ್ತದೆ; ಗೀಸರನ್ನು ಹೊರಗಿಟ್ಟರೂ ಈ ಉಪದ್ರವ ತಪ್ಪದು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದೊಡನೆ, ಬಲ್ಲವರಿಂದ ಅದನ್ನು ಬಿಚ್ಚಿಸಿ ಶುಚಿ ಮಾಡಿಸಬೇಕು. ನಡುವೆ ಉರಿಯ ಬಣ್ಣವನ್ನು ಆಗಾಗ ಇಣಿಕಿ ನೋಡುವುದಕ್ಕೆ ಯಾರ ಸಹಾಯವೂ ಬೇಡ. ಸಿಲಿಂಡರಿನ ಹಿಡಿಯ ಕೆಳಗಿನ ಪಟ್ಟಿಯಲ್ಲಿ ಒಂದು ಆಂಗ್ಲ ಅಕ್ಷರವೂ ವರ್ಷದ ಎರಡು ಅಂಕೆಗಳೂ ಇರುತ್ತವೆ. ಎ ಎಂದರೆ ಮಾರ್ಚಿನವರೆಗೆ, ಬಿ ಜೂನಿನವರೆಗೆ, ಸಿ ಸೆಪ್ಟೆಂಬರಿನವರೆಗೆ, ಡಿ ದಶಂಬರದವರೆಗೆ. ಆ ಅವಧಿಯೊಳಗೆ ಸಿಲಿಂಡರಿನ ಮರುಪರೀಕ್ಷೆ ಆಗಬೇಕೆಂದು ಅರ್ಥ. ಅವಧಿ ಮೀರಿದ್ದನ್ನು ತಂದವನೊಡನೆ ಸೌಮ್ಯವಾಗಿ ಹೇಳಿ ಹಿಂದೆ ಕಳುಹಿಸಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಶೀತದೇಶಗಳಿಗೆ ಹೋಗಿ ನೆಲಸಿದವರೂ ಇದ್ದಾರೆ. ಅಲ್ಲಿ ಸ್ನಾನದ ನೀರಷ್ಟೇ ಅಲ್ಲ, ಮನೆಯ ಗಾಳಿಯೇ ಕಾಯಬೇಕು. ನೆಲಮಾಳಿಗೆಯಲ್ಲಿ ಅನಿಲದ ಕುಲುಮೆಯೊಂದಿದ್ದು, ಅದರ ಉರಿಯು ಲೋಹದ ಗೂಡಿನೊಳಗೆ ಉರಿಯುತ್ತದೆ. ಗೂಡಿನ ಹೊರಮೈಗೆ ತಾಗಿ ಬಿಸಿಯಾದ ಗಾಳಿಯು ಕೋಣೆಗಳಿಗೆ ಹೋಗುತ್ತದೆ, ಹೊಗೆಯು ಬೇರೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಗೂಡಿನಲ್ಲಿ ಬಿರುಕು ಬಿಟ್ಟರೆ, ಇಲ್ಲವೆ ಹೊರಗೆ ಬಿದ್ದ ಹಿಮವು ಕೊಳವೆಯ ಬಾಯಿಯನ್ನು ಮುಚ್ಚಿದರೆ, ಅದೇ ವಿಷವು ಮಲಗಿದವರ ಕೋಣೆಗೆ ಬರುವುದು. ಆದುದರಿಂದಲೇ ಚಳಿಗಾಲಕ್ಕೆ ಮುಂಚೆ ಕುಲುಮೆಯ ಪರೀಕ್ಷೆಯಾಗಬೇಕು. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಇಂಥ ಮನೆಗಳ ಮಲಗುವ ಸ್ಥಳದ ಬಳಿ ವಿಷವಾಯುವನ್ನು ಕಂಡು ಕೂಗುವ ಯಂತ್ರವಿರಬೇಕೆಂದು ೨೦೧೪ರಿಂದ ಕಾನೂನೇ ಆಗಿದೆ. ಅಂಥ ಯಂತ್ರವು ನಮ್ಮಲ್ಲಿಯೂ ಕ್ರಯಕ್ಕೆ ದೊರೆಯುತ್ತದೆ; ಗೀಸರಿಗೆ ಹಣ ಕೊಡುವವರು ಇದಕ್ಕೂ ಸ್ವಲ್ಪ ಕೊಡಬಹುದು.

ಒಬ್ಬಳು ಸ್ನಾನಕ್ಕೆ ಹೋಗಿ ಹೊತ್ತಾದರೂ ಕರೆದರೆ ಓಗೊಡದಿದ್ದರೆ ಲಜ್ಜೆಪಡುತ್ತಾ ಕಾಯಬಾರದು, ಬಾಗಿಲನ್ನು ಒಡೆಯಬೇಕು. ಬಾಗಿಲು ತೆರೆದೊಡನೆ ಗೀಸರನ್ನು ಆರಿಸಿ, ಅವಳಿಗೆ ಒಂದು ಬಟ್ಟೆ ಹೊದಿಸಿ, ತೆರೆದ ಗಾಳಿಗೆ ಎಳೆದು ತರಬೇಕು. ಒಳಗೆಯೇ ಕುಳಿತು ಮುಖಕ್ಕೆ ನೀರು ಚಿಮುಕಿಸುತ್ತಿದ್ದರೆ ಬಿಡಿಸಲು ಹೋದವಳೂ ಬೀಳುವಳು. ಎಚ್ಚರವಾದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಏಕೆಂದರೆ ಮಿದುಳಿಗಾದ ಕೇಡು ಕೆಲವು ವಾರಗಳು ಕಳೆದ ಮೇಲೆ ತೋರುವುದುಂಟು. ದಾದಿಯರಾಗುವ ನಮ್ಮ ಬಾಲಿಕೆಯರು ಒಂದನ್ನು ನೆನಪಿಡಲಿ: ಬೆರಳಿಗೆ ಸಿಕ್ಕಿಸಿ ಪ್ರಾಣವಾಯುವನ್ನು ಅಳೆಯುವ ಆ ಚಿಕ್ಕ ಯಂತ್ರವು ಇಲ್ಲಿ ಮೋಸ ಮಾಡುತ್ತದೆ. ವಿಷವಾಯು ಅಂಟಿದ ರಕ್ತವನ್ನೂ ಅದು ಒಳ್ಳೆಯ ರಕ್ತವೆಂದೇ ಎಣಿಸಿ ತೊಂಬತ್ತೆಂಟು ಎಂದು ತೋರಿಸಬಲ್ಲದು. ಆದಕಾರಣ ರೋಗಿಯು ಗ್ಯಾಸ್ ಗೀಸರಿನ ಕೋಣೆಯಲ್ಲಿ ಬಿದ್ದಿದ್ದಳೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳತಕ್ಕದ್ದು.

ಮನೆಯ ಯಜಮಾನನು ಗೀಸರನ್ನು ಹೊರಗಿಡಲು ಒಪ್ಪದಿದ್ದರೆ ಏನು ಮಾಡುವುದೆಂದು ಹೋದ ವರ್ಷ ಒಬ್ಬಳು ನಮ್ಮನ್ನು ಕೇಳಿದಳು. ಅಡಿಗೆಯ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಬಕೆಟ್ಟಿನಲ್ಲಿ ಒಯ್ದು ಸ್ನಾನ ಮಾಡಿದರಾಯಿತು ಎಂದೆವು. ಅವಳು ನಕ್ಕಳು, ಆದರೆ ಹಾಗೆಯೇ ಮಾಡುತ್ತಿರುವಳೆಂದು ಕ್ರಿಸ್ಮಸ್ ರಜೆಗೆ ಬಂದಾಗ ತಿಳಿಸಿದಳು.